ಬಾಗಿಲಿಗೆ ಬಂದ ಬಿಳಿ ಸಾಲು

ನಮ್ಮ ಎರಿಟ್ರಿಯಾದವರು ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಊರಿನಲ್ಲಿ ಯಾರದಾದರೂ ತಂದೆಯೋ ತಾಯಿಯೋ ತೀರಿಕೊಂಡರೆ ಸುದ್ದಿ ಮೆಲ್ಬರ್ನಿನಲ್ಲಿ ನಾಲ್ಕಾರು ಜನರ ಕಿವಿಗೆ ಬೀಳುತ್ತದೆ. ಗೊತ್ತಾಗಬೇಕಾದವರಿಗೆ ಮಾತ್ರ ಗೊತ್ತಾಗುವುದಿಲ್ಲ. ಅವರನ್ನು ಆ ದಿನ ಕೆಲಸಕ್ಕೆ ಹೋಗಿಬರಲು ಬಿಡುತ್ತೇವೆ, ಹೊಟ್ಟೆ ತುಂಬ ಉಣ್ಣಲು ಬಿಡುತ್ತೇವೆ, ಒಂದು ರಾತ್ರಿ ನೆಮ್ಮದಿಯಾಗಿ ಮಲಗಲು ಬಿಡುತ್ತೇವೆ. ಮರುದಿನ ಬೆಳಕು ಹರಿಯುವ ಮುಂಚೆ ನೆತ್ಸೆಲಾ ಎನ್ನುವ ನಮ್ಮ ಬಿಳಿ ಮೇಲುಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು, ಸಾಲಾಗಿ, ಸದ್ದಿಲ್ಲದೆ ಅವರ ಬಾಗಿಲಿಗೆ ಹೋಗುತ್ತೇವೆ.

ಆ ಸಾಲಿನಲ್ಲಿ ಮುಂದೆ ನಡೆಯುವವಳು ನಾನು. ಸನ್‌ಶೈನ್, ಫುಟ್ಸ್‌ಕ್ರೇ ಬಡಾವಣೆಗಳ ಕಡೆಯ ನಮ್ಮವರಲ್ಲಿ ಯಾರನ್ನು ಬೇಕಾದರೂ ಕೇಳಿ, ಲೆತೆಬ್ರಹಾನ್ ಎಂದರೆ ಗೊತ್ತು. ಮಾರ್ಕೆಟ್ಟಿನಲ್ಲಿ ನಾನು ಎದುರು ಬಂದರೆ ನಗುನಗುತ್ತಲೇ ಮಾತಾಡಿಸಿ, ಆ ಕಡೆ ತಿರುಗಿದ ತಕ್ಷಣ ಊರಿಗೆ ಫೋನ್ ಹಚ್ಚಿ ಅಪ್ಪ ಅಮ್ಮ ಕ್ಷೇಮವೇ ಎಂದು ವಿಚಾರಿಸಿಕೊಳ್ಳುವವರಿದ್ದಾರೆ. ಇರಲಿ. ಈ ಕೆಲಸವನ್ನು ಯಾರಾದರೂ ಮಾಡಬೇಕು, ಮಾಡುವುದಾದರೆ ಸರಿಯಾಗಿ ಮಾಡಬೇಕು. ಒಬ್ಬಳು ಒಳಗೆ ಹೋಗಿ ಒಲೆ ಆರಿಸಬೇಕು. ಇನ್ನೊಬ್ಬಳು ಗಾಜಿನ ಟೀಪಾಯಿಯನ್ನು ಗೋಡೆಗೆ ಸರಿಸಬೇಕು. ತೋಳಲ್ಲಿ ಬಲವಿರುವವಳು ಹಿಂದೆ ನಿಂತಿರಬೇಕು, ಬಿದ್ದರೆ ಹಿಡಿಯುವುದಕ್ಕೆ. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿರಬೇಕು; ಒಮ್ಮೆ ಮರೆತಿದ್ದಕ್ಕೆ ಗೋಳಾಟ ಕೇಳಿ ಪೊಲೀಸರೇ ಬಂದಿದ್ದರು. ಇದೆಲ್ಲ ಆಗುವತನಕ "ಏನಿಲ್ಲ, ಯಾರಿಗೂ ಏನೂ ಆಗಿಲ್ಲ, ಸುಮ್ನೆ ಬಂದ್ವಿ" ಎಂದು ಹೇಳುತ್ತಿರಬೇಕು. ಆ ಸುಳ್ಳನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಈ ಊರಿನಲ್ಲಿ ಇಲ್ಲ.

ಇಷ್ಟು ಜನರಿಗೆ ಇಷ್ಟು ಸುದ್ದಿ ಮುಟ್ಟಿಸಿದ ನಾನು, ನನ್ನ ಎದೆಯಲ್ಲಿದ್ದ ಗಂಟಿನ ಸುದ್ದಿಯನ್ನು ನನಗೇ ಹೇಳಿಕೊಂಡಿರಲಿಲ್ಲ.

ಅದು ಚಳಿಗಾಲದಿಂದಲೂ ಇತ್ತು. ಸ್ನಾನ ಮಾಡುವಾಗ ಕೈಗೆ ಸಿಗುತ್ತಿತ್ತು. ಸಿಕ್ಕಾಗಲೆಲ್ಲ ಕೈಯನ್ನು ಬೇರೆ ಕಡೆ ಕಳಿಸುತ್ತಿದ್ದೆ. ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸ ನನ್ನದು. ಒದ್ದೆ ಚಾದರಗಳನ್ನು ಎತ್ತಿ ಎತ್ತಿ ಎಲ್ಲಿಯೋ ಉಳುಕಿರಬೇಕು ಎಂದುಕೊಂಡೆ. ಉಳುಕು ಗುಂಡಗೆ, ಗಟ್ಟಿಯಾಗಿ, ಒಂದೇ ಜಾಗದಲ್ಲಿ ಕೂತಿರುವುದಿಲ್ಲ ಎನ್ನುವಷ್ಟು ಬುದ್ಧಿ ನನಗೂ ಇತ್ತು. ಆ ಬುದ್ಧಿಯನ್ನೂ ಬೇರೆ ಕಡೆ ಕಳಿಸಿದ್ದೆ.

ಬೇಸಿಗೆ ಮುಗಿಯುತ್ತ ಬಂದಾಗ, ವಾರಗಟ್ಟಲೆ ದಿನವೂ ಮಧ್ಯಾಹ್ನ ಇಳಿಯುವತನಕ ಏನೂ ಮುಟ್ಟದ ನಮ್ಮ ಚರ್ಚಿನ ದೊಡ್ಡ ಉಪವಾಸ ಶುರುವಾಗುವುದಕ್ಕೆ ಮುಂಚಿನ ಒಂದು ಭಾನುವಾರ, ಚರ್ಚಿನ ಹಾಲ್‌ನಲ್ಲಿ ಹೆಂಗಸರನ್ನೆಲ್ಲ ಕೂರಿಸಿದರು. ನಮ್ಮಲ್ಲೇ ಬೆಳೆದ ಹುಡುಗಿ ಸೊಲಿಯಾನಾ ಈಗ ನರ್ಸು. ಅವಳು ಚೀಲದಿಂದ ರಬ್ಬರಿನ ಒಂದು ಮೊಲೆಯನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಹಾಲ್ ತುಂಬ ನೆತ್ಸೆಲಾಗಳು ಬಾಯಿಗೆ ಹೋದವು. ನಮ್ಮೆಲ್ಲರಿಗಿಂತ ಹಿರಿಯಳಾದ ಮಾನಾ ಅಜ್ಜಿ ಎದ್ದು ಹೋಗಿ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು.

"ನೋಡ್ರೇ, ಎಷ್ಟು ನೆಟ್ಟಗೆ ಕೂತಿದೆ. ಯಾವ ಅಂಗಡೀಲಿ ಸಿಗುತ್ತಮ್ಮ ಇದು? ನನಗೊಂದು ಜೊತೆ ತಂದ್ಕೊಡು" ಎಂದಳು.

ಸೊಲಿಯಾನಾಳಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಅವಳು 'ಕ್ಯಾನ್ಸರ್' ಎಂದಳು, ನೇರವಾಗಿ, ಬಾಯಿ ಬಿಟ್ಟು. ನಾವು ಆ ಹೆಸರನ್ನು ಎತ್ತುವುದಿಲ್ಲ, 'ಆ ಕಾಯಿಲೆ' ಎನ್ನುತ್ತೇವೆ. ಅರ್ಧ ಹಾಲ್ ಶಿಲುಬೆಯ ಗುರುತು ಮಾಡಿಕೊಂಡಿತು. ನಿಮ್ಮ ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಅವಳು ಕೇಳಿದಳು. ಎಲ್ಲರೂ ಇಲ್ಲವೆಂದು ತಲೆಯಾಡಿಸಿದೆವು. ನಮ್ಮ ಕಡೆ ಹೆಂಗಸರು ದೃಷ್ಟಿ ತಾಕಿ ಸಾಯುತ್ತಾರೆ, ಹೊಟ್ಟೆನೋವಿನಿಂದ ಸಾಯುತ್ತಾರೆ, ದೇವರು ಕರೆದನೆಂದು ಸಾಯುತ್ತಾರೆ. ಆ ಕಾಯಿಲೆಯಿಂದ ಸತ್ತವಳು ಒಬ್ಬಳೂ ಇಲ್ಲ. ನನಗೆ ಚಿಕ್ಕಮ್ಮ ಮೆಧಿನ್ ನೆನಪಾದಳು. ಹಿಟ್ಟು ಬೀಸುವಾಗ ಕೂಡ ಎದೆಯ ಮೇಲೆ ಹೊದಿಕೆಯನ್ನು ಬಿಗಿಯಾಗಿ ಕಟ್ಟಿಕೊಂಡಿರುತ್ತಿದ್ದಳು, ಅವಳ ಕೋಣೆಯಲ್ಲಿ ಸದಾ ಧೂಪ ಹೊಗೆಯಾಡುತ್ತಿತ್ತು. ಅವಳಿಗೂ ದೃಷ್ಟಿ ತಾಕಿತ್ತು ಎಂದು ಅವ್ವ ಹೇಳಿದ್ದಳು. ನಾನೂ ತಲೆಯಾಡಿಸಿದೆ.

ಆ ರಬ್ಬರಿನ ವಸ್ತು ಕೈಯಿಂದ ಕೈಗೆ ಬಂತು. ಒಳಗೆ ಎಲ್ಲೋ ಗಂಟು ಅಡಗಿಸಿಟ್ಟಿದ್ದಾರೆ, ಹುಡುಕಿ ಎಂದಿದ್ದಳು ಸೊಲಿಯಾನಾ. ನನಗಿಂತ ಮುಂಚಿನವರು ಹಿಸುಕಿ, ತಟ್ಟಿ, ನಕ್ಕು, ಸಿಗಲಿಲ್ಲವೆಂದು ದಾಟಿಸಿದ್ದರು. ನನ್ನ ಬೆರಳು ನೇರವಾಗಿ ಅಲ್ಲಿಗೇ ಹೋಯಿತು. ಬೇಳೆ ಆರಿಸುವಾಗ ಕಲ್ಲು ಸಿಕ್ಕರೆ ಕಣ್ಣಿಗಿಂತ ಮುಂಚೆ ಬೆರಳಿಗೆ ಗೊತ್ತಾಗುತ್ತದಲ್ಲ, ಹಾಗೆ. ಅದೇ ಗಾತ್ರ, ಅದೇ ಗಟ್ಟಿ. ನಾನು ಅದನ್ನು ಪಕ್ಕದವಳ ಮಡಿಲಿಗೆ ಹಾಕಿ, ಕಾಫಿ ಆರುತ್ತಿದೆ, ಎಲ್ಲರೂ ಏಳಿ ಎಂದು ಗದರಿದೆ.

ಎದುರು ಸಾಲಿನಲ್ಲಿ ಕೂತಿದ್ದ ಅಸ್ಕಾಲು ನನ್ನ ಮುಖವನ್ನೇ ನೋಡುತ್ತಿದ್ದಳು.

ಅಸ್ಕಾಲು ಯಾರೆಂದು ಹೇಳಬೇಕು. ಇಬ್ಬರೂ ಹುಡುಗಿಯರಾಗಿದ್ದಾಗ ಗಡಿ ದಾಟಿ ಖಾರ್ಟೂಮಿಗೆ ಬಂದವರು. ಅಲ್ಲಿ ಒಂದೇ ಕೋಣೆ, ಒಂದೇ ಚಾಪೆ, ಬಸ್ ನಿಲ್ದಾಣದಲ್ಲಿ ಒಂದೇ ಚಹಾದ ಒಲೆ. ನನ್ನ ಗಂಡ ಸತ್ತಾಗ ನನ್ನನ್ನು ಹಿಡಿದುಕೊಂಡವಳು ಅವಳು. ನನಗೆ ಮಕ್ಕಳಿಲ್ಲ, ಅವಳಿಗಿದ್ದಾರೆ, ಅವರು ನನ್ನ ಹತ್ತಿರ ಅಮ್ಮನ ಮೇಲೆ ಚಾಡಿ ಹೇಳುತ್ತಾರೆ. ಇಷ್ಟು ಹತ್ತಿರದವಳಿಂದ ಒಂದು ಗಂಟನ್ನು ಅಷ್ಟು ತಿಂಗಳು ಬಚ್ಚಿಟ್ಟಿದ್ದೆ ಎಂದರೆ ನನ್ನ ಹಟ ಎಂಥದೆಂದು ತಿಳಿದುಕೊಳ್ಳಿ.

ಮರುದಿನ ಮಧ್ಯಾಹ್ನ ಬಂದಳು. ಬೀಜ ಹುರಿದೆ, ಕುಟ್ಟಿದೆ, ಕಾಫಿ ಕಾಯಿಸಿದೆ. ನಮ್ಮಲ್ಲಿ ಒಂದೇ ಪುಡಿಗೆ ಮೂರು ಸಲ ನೀರು ಹಾಕಿ ಮೂರು ಸುತ್ತು ಕುಡಿಯುತ್ತೇವೆ. ಮೂರನೆಯದು ಆಶೀರ್ವಾದದ್ದು, ಅದನ್ನು ಕುಡಿಯದೆ ಯಾರೂ ಏಳುವಂತಿಲ್ಲ. ಮೊದಲ ಸುತ್ತಿನಲ್ಲಿ ಅವಳ ಸೊಸೆಯ ಮಾತಾಯಿತು. ಎರಡನೆಯದರಲ್ಲಿ ಚರ್ಚಿನ ಅಡುಗೆಮನೆಯ ಜಗಳದ ಮಾತಾಯಿತು. ಮೂರನೆಯ ಬಟ್ಟಲನ್ನು ಕೈಗೆ ತೆಗೆದುಕೊಂಡು ಅವಳು ಕೇಳಿದಳು.

"ಯಾವ ಕಡೆ?"

ಸುಳ್ಳು ಹೇಳಲು ಬಾಯಿ ತೆರೆದೆ. ಬರಲಿಲ್ಲ.

"ಎಡಗಡೆ" ಎಂದೆ.

ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬಟ್ಟಲು ಖಾಲಿ ಮಾಡಿ ಕೆಳಗಿಟ್ಟಳು. ಯಾರಿಗೂ ಹೇಳಕೂಡದು ಎಂದು ಮರಿಯಮ್ಮನ ಹೆಸರಿನಲ್ಲಿ ಆಣೆ ಹಾಕಿಸಿಕೊಂಡೆ. ನನ್ನ ಭಯ ಏನೆಂದು ಅವಳಿಗೆ ಬಿಡಿಸಿ ಹೇಳಿದೆ. ಇಲ್ಲಿ ಒಬ್ಬರಿಗೆ ಗೊತ್ತಾದರೆ ವಾರದೊಳಗೆ ಊರಿನಲ್ಲಿರುವ ಅವ್ವನಿಗೆ ಗೊತ್ತಾಗುತ್ತದೆ. ನಮ್ಮೂರು ಸೆನಾಫೆಯಲ್ಲಿ ಕೂತಿರುವ ಆ ಮುದಿಜೀವಕ್ಕೆ ಇರುವುದು ನಾನೊಬ್ಬಳೇ. ಇಷ್ಟು ದೂರದಲ್ಲಿ ಮಗಳಿಗೆ ಆ ಕಾಯಿಲೆ ಎಂದು ಕೇಳಿದರೆ ಅವಳ ಎದೆ ಒಡೆದುಹೋಗುತ್ತದೆ. ನನ್ನ ಗಂಟು ನನ್ನನ್ನು ಕೊಲ್ಲುವ ಮೊದಲು ಅವ್ವನನ್ನು ಕೊಲ್ಲುತ್ತದೆ. ಅಸ್ಕಾಲು ಎಲ್ಲ ಕೇಳಿಸಿಕೊಂಡು, ಡಾಕ್ಟರ ಹತ್ತಿರ ಬರುವುದಾದರೆ ಮಾತ್ರ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದಳು.

ನಮ್ಮ ಬೀದಿಯ ಡಾಕ್ಟರ ಹತ್ತಿರ ಹೋದೆವು. ಅವರು ಮುಟ್ಟಿ ನೋಡಿ, ಮುಖವನ್ನು ಇದ್ದ ಹಾಗೆಯೇ ಇಟ್ಟುಕೊಂಡು, ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ದಿನ ಗೊತ್ತುಮಾಡಿಸಿದರು. ಆ ದಿನ ನಾನು ಬಸ್ಸು ತಪ್ಪಿಸಿಕೊಂಡೆ. ಎರಡನೆಯ ಸಲ ಅಸ್ಕಾಲು ಕಾರು ತರುತ್ತೇನೆಂದಳು. ಬೆಳಗಿನ ಜಾವವೇ ಕೆಲಸಕ್ಕೆ ಹೋಗಿ ಫೋನ್ ಆರಿಸಿ, ಮಷೀನಿನ ಸದ್ದಿನ ನಡುವೆ ಹಾಯಾಗಿದ್ದೆ. ಹಾಯಾಗಿ ಎಂದೆನೆ? ಅವತ್ತು ಎರಡು ಬುಟ್ಟಿ ಬಿಳಿ ಚಾದರಗಳನ್ನು ಕೆಂಪು ಮೇಜೋಡಿನ ಜೊತೆ ಹಾಕಿ ಗುಲಾಬಿ ಮಾಡಿಟ್ಟೆ.

ಆಸ್ಪತ್ರೆಯವರು ಮೂರನೆಯ ಸಲ ದಿನ ಕೊಟ್ಟಾಗ ಅಸ್ಕಾಲು ನನಗೆ ತಿಳಿಯದ ಹಾಗೆ ಪಾದ್ರಿಯ ಹತ್ತಿರ ಹೋಗಿ, ಆಣೆ ಮುರಿದರೆ ಏನು ಪ್ರಾಯಶ್ಚಿತ್ತ ಎಂದು ಕೇಳಿದಳಂತೆ. ನೂರು ಸಲ ಅಡ್ಡಬೀಳಬೇಕು ಎಂದರಂತೆ ಅವರು. ಹಾಗಾದರೆ ಈಗಲೇ ಬಿದ್ದುಬಿಡುತ್ತೇನೆ, ಆಮೇಲೆ ಮುರಿಯುತ್ತೇನೆ ಎಂದು ಅಲ್ಲೇ ಬಿದ್ದಳಂತೆ. ಅವಳ ಮಂಡಿನೋವು ಇಡೀ ಫುಟ್ಸ್‌ಕ್ರೇಗೆ ಗೊತ್ತು. ಇದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ತಿಳಿದ ದಿನ ಅವಳ ಮಂಡಿಗೆ ಎಣ್ಣೆ ತಿಕ್ಕಿದೆ, ಬೈಯುತ್ತಲೇ ತಿಕ್ಕಿದೆ.

ಅವತ್ತು ಉಪವಾಸದ ಶುಕ್ರವಾರ. ಹೊರಗೆ ಇನ್ನೂ ಕತ್ತಲೆ. ನಾನು ಕೆಲಸಕ್ಕೆ ಹೊರಡಲು ಅಡುಗೆಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದೆ. ಆಸ್ಪತ್ರೆಯ ದಿನ ಅದೇ ಎಂದು ಗೊತ್ತಿತ್ತು. ಮರೆತಂತೆ ಇರುವುದೆಂದು ನಿರ್ಧಾರವೂ ಆಗಿತ್ತು. ಕಿಟಕಿಯಾಚೆ ಏನೋ ಬೆಳ್ಳಗೆ ಅಲ್ಲಾಡಿತು. ನೋಡಿದೆ.

ಬೀದಿದೀಪದ ಕೆಳಗೆ ಹೆಂಗಸರು ನಡೆದು ಬರುತ್ತಿದ್ದರು. ಸಾಲಾಗಿ. ತಲೆಯ ಮೇಲೆ ಬಿಳಿ ನೆತ್ಸೆಲಾ. ಮಾತಿಲ್ಲ. ಕಾರುಗಳನ್ನು ದೂರದ ತಿರುವಿನಲ್ಲೇ ನಿಲ್ಲಿಸಿ ಬಂದಿದ್ದರು, ನಾವು ಯಾವಾಗಲೂ ಮಾಡುವ ಹಾಗೆ. ನಡುವೆ ಮಾನಾ ಅಜ್ಜಿ, ಅವಳ ತೋಳು ಹಿಡಿದುಕೊಂಡು ಯಾರೋ. ಮುಂದೆ ಅಸ್ಕಾಲು.

ಆ ಮುಂದಿನ ಜಾಗ ನನ್ನದು. ಅಲ್ಲಿ ಅಸ್ಕಾಲು ಇದ್ದಾಳೆ ಎಂದರೆ ಸುದ್ದಿ ನನ್ನದೇ. ನನಗೆ ಬರಬಹುದಾದ ಸುದ್ದಿ ಜಗತ್ತಿನಲ್ಲಿ ಒಂದೇ ಒಂದು ಉಳಿದಿತ್ತು.

ಬಾಗಿಲು ತೆಗೆದದ್ದು ನೆನಪಿಲ್ಲ. ಮೆಟ್ಟಿಲ ಮೇಲೆ ಕುಸಿದು "ಅವ್ವಾ" ಎಂದು ಕಿರುಚಿದ್ದು ನೆನಪಿದೆ. ಅವ್ವನನ್ನು ಕೊನೆಯ ಸಲ ನೋಡಿದ್ದು ಯಾವಾಗ, ಅವಳ ಕೈ ಹೇಗಿತ್ತು, ಕಳೆದ ಭಾನುವಾರ ಫೋನಿನಲ್ಲಿ ಸರಿಯಾಗಿ ಮಾತಾಡದೆ ಇಟ್ಟೆನಲ್ಲ, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. ನಮ್ಮ ಹೆಂಗಸರು ಗೋಳಾಡುವಾಗ ಎದೆ ಬಡಿದುಕೊಳ್ಳುತ್ತಾರೆ. ನಾನೂ ಎರಡೂ ಮುಷ್ಟಿಯಿಂದ ಬಡಿದುಕೊಂಡೆ. ಎಡಗಡೆ ಬಿದ್ದ ಏಟಿಗೆ ಕಣ್ಣು ಕತ್ತಲೆ ಬಂತು. ಮತ್ತೆ ಎತ್ತಿದ ಕೈಯನ್ನು ಅಸ್ಕಾಲು ಓಡಿ ಬಂದು ಹಿಡಿದಳು.

"ಅಲ್ಲಿ ಹೊಡ್ಕೋಬೇಡ ಕಣೇ" ಎಂದಳು. "ನಿನ್ನ ಕಾಲಿಗೆ ಬೀಳ್ತೀನಿ, ಅಲ್ಲಿ ಮಾತ್ರ ಹೊಡ್ಕೋಬೇಡ."

ಯಾರೂ ಸತ್ತಿಲ್ಲ ಎಂದರು ಎಲ್ಲರೂ ಒಟ್ಟಿಗೆ. ಅವ್ವ ಚೆನ್ನಾಗಿದ್ದಾಳೆ, ಯಾರಿಗೂ ಏನೂ ಆಗಿಲ್ಲ, ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಂದಿದ್ದೇವೆ ಎಂದರು. ನೀನು ಹಿಂದಿನ ಬಾಗಿಲಿಂದ ಓಡಿಹೋಗುತ್ತೀಯ ಎಂದು ಕಾರು ದೂರ ನಿಲ್ಲಿಸಿದೆವು, ಚರ್ಚಿಗೆ ಹೋಗಿ ಪ್ರಾರ್ಥನೆ ಮಾಡಿಸಿ ಆಸ್ಪತ್ರೆಗೆ ಹೋಗೋಣವೆಂದು ನೆತ್ಸೆಲಾ ಹೊದ್ದು ಬಂದೆವು ಎಂದರು. ನಾನು ನಂಬುತ್ತೇನೆಯೇ? ಯಾರಿಗೂ ಏನೂ ಆಗಿಲ್ಲ ಎನ್ನುವ ಮಾತನ್ನು ಈ ಊರಿಗೆ ಕಲಿಸಿದವಳು ನಾನು. ಅದೇ ದನಿ, ಅದೇ ಮೆತ್ತಗಿನ ಕೈ. ಒಬ್ಬಳು ಆಗಲೇ ಒಳಗೆ ಹೋಗಿ ಒಲೆ ಆರಿಸಿದ್ದಳು, ಅಭ್ಯಾಸಬಲದಿಂದ. ಅವರು ಸಮಾಧಾನ ಮಾಡಿದಷ್ಟೂ ನನ್ನ ಗೋಳು ಏರಿತು. ನನ್ನನ್ನು ನೋಡಿ ಅವರೂ ಅಳತೊಡಗಿದರು. ಎದುರುಮನೆಯ ದೀಪ ಹೊತ್ತಿಕೊಂಡಿತು.

ಕೊನೆಗೆ ಮಾನಾ ಅಜ್ಜಿ ಊರುಗೋಲಿನಿಂದ ಮೆಟ್ಟಿಲನ್ನು ಕುಟ್ಟಿದಳು. "ಇವಳಿಗೆ ಬಾಯಲ್ಲಿ ಹೇಳಿದ್ರೆ ಆಗೋದಿಲ್ಲ. ಊರಿಗೆ ಫೋನ್ ಹಚ್ಚಿ" ಎಂದಳು.

ಸೆನಾಫೆಗೆ ಒಂದೇ ಏಟಿಗೆ ಫೋನು ಸಿಗುವುದಿಲ್ಲ. ಅಸ್ಕಾಲು ಒಂದು ಕೈಯಲ್ಲಿ ನನ್ನ ಎರಡೂ ಮಣಿಕಟ್ಟನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಒತ್ತುತ್ತಿದ್ದಳು, ಕಡಿಯುತ್ತಿತ್ತು, ಮತ್ತೆ ಒತ್ತುತ್ತಿದ್ದಳು. ಅಲ್ಲಿ ಇನ್ನೂ ಹಿಂದಿನ ರಾತ್ರಿ, ಮಲಗಿದ್ದವರನ್ನು ಎಬ್ಬಿಸಬೇಕು. ಕೊನೆಗೂ ಆ ಕಡೆ ಎತ್ತಿದರು. ನಿದ್ದೆಗಣ್ಣಿನ ಒರಟು ದನಿ.

"ಯಾರು ಸತ್ರು?"

ಅವಳೂ ನಮ್ಮವಳೇ ತಾನೆ. ಹೊತ್ತಲ್ಲದ ಹೊತ್ತಿನ ಫೋನಿಗೆ ಬೇರೆ ಅರ್ಥ ಅವಳಿಗೂ ಗೊತ್ತಿಲ್ಲ.

"ಅವ್ವ, ನೀನು ಇದೀಯಾ?" ಎಂದೆ.

"ಇಲ್ದೆ ಮತ್ತೆ, ಫೋನ್ ಎತ್ತಿದ್ದು ನನ್ನ ದೆವ್ವಾನಾ? ಅಲ್ಲಿ ಹೆಂಗಸರು ಅಳೋದು ಕೇಳಿಸ್ತಿದೆ. ನನ್ನ ಹತ್ರ ಮುಚ್ಚಿಡಬೇಡ. ಯಾರು ಅಂತ ಹೇಳು."

ಅವಳ ಬೈಗುಳ ಕೇಳಿ ನನ್ನ ಮೈಗೆ ಜೀವ ಬಂತು. ಅದರ ಹಿಂದೆಯೇ ಇನ್ನೊಂದು ಬಂತು: ಈಗ ಏನು ಹೇಳುವುದು? ಏನಿಲ್ಲ ಅವ್ವ, ಸುಮ್ಮನೆ, ಎನ್ನಬಹುದಿತ್ತು. ಬಾಯಲ್ಲಿ ಸಿದ್ಧವಾಗಿತ್ತು. ಆದರೆ ಅವ್ವ ಕತ್ತಲಲ್ಲಿ ಫೋನು ಹಿಡಿದು ನಿಂತಿದ್ದಾಳೆ, ಸ್ವಲ್ಪ ಮೊದಲು ನಾನು ನಿಂತಿದ್ದ ಹಾಗೆಯೇ. ಏನಿಲ್ಲ ಎಂದರೆ ಅವಳೂ ನಂಬುವುದಿಲ್ಲ, ಬೆಳಗಾಗುವತನಕ ಬಾಗಿಲನ್ನೇ ನೋಡುತ್ತ ಕೂರುತ್ತಾಳೆ. ಆ ಸುಳ್ಳಿನ ರುಚಿ ನಾನು ಈಗಷ್ಟೇ ನೋಡಿದ್ದೆ.

"ಯಾರೂ ಸತ್ತಿಲ್ಲ ಅವ್ವ. ನನ್ನ ಎದೇಲಿ ಒಂದು ಗಂಟಿದೆ. ಎಡಗಡೆ. ಆಸ್ಪತ್ರೆಗೆ ಬಾ ಅಂದ್ರೆ ಹೋಗ್ದೆ ಕಳ್ಳಾಟ ಆಡ್ತಿದ್ದೆ. ಕರ್ಕೊಂಡು ಹೋಗೋಕೆ ಬಂದಿದಾರೆ."

ಆ ಕಡೆ ಮಣೆ ಎಳೆದು ಕೂತ ಸದ್ದಾಯಿತು.

"ಮೆಧಿನ್‌ಗೂ ಎಡಗಡೇನೇ" ಎಂದಳು ಅವ್ವ.

"ಚಿಕ್ಕಮ್ಮಂಗೆ ದೃಷ್ಟಿ ತಾಕಿತ್ತು ಅಂದಿದ್ದೆ ನೀನು."

"ಮತ್ತೇನು ಅನ್ನಲಿ? ಒಡಹುಟ್ಟಿದ ನನಗೂ ತೋರಿಸ್ಲಿಲ್ಲ ಅವಳು. ಹೆಣಕ್ಕೆ ನೀರು ಹಾಕೋ ದಿನ ನೋಡ್ದೆ." ಅವಳ ದನಿ ನಿಧಾನವಾಯಿತು. "ಅವಳ ಬಾಗಿಲಿಗೂ ಹೆಂಗಸರು ಬಂದ್ರು ಕಣೇ. ಇಡೀ ಊರೇ ಬಂತು. ಆದ್ರೆ ಎಲ್ಲಾ ಮುಗಿದ ಮೇಲೆ ಬಂತು. ನಿನ್ನ ಬಾಗಿಲಿಗೆ ಮೊದಲೇ ಬಂದಿದಾರೆ. ಎಷ್ಟು ಜನ ಇದಾರೆ?"

"ಏಳು."

"ಕಾಫಿ ಕೊಟ್ಯಾ?"

"ಉಪವಾಸ ಅಲ್ವಾ ಅವ್ವ."

"ಹಾಗಾದ್ರೆ ಅವರನ್ನ ಯಾಕೆ ನಿಲ್ಲಿಸ್ಕೊಂಡಿದೀಯಾ? ಚಪ್ಪಲಿ ಮೆಟ್ಟು, ಹೊರಡು" ಎಂದಳು. ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದಳು. "ಲೆತೆ, ನನ್ನ ಬಾಗಿಲಿಗೆ ಆ ಸಾಲು ಕಳಿಸ್ಬೇಡ. ನಿನ್ನ ಹತ್ರ ನಾನು ಕೇಳೋದು ಅಷ್ಟೇ."

ನಾನು ಚಪ್ಪಲಿ ಮೆಟ್ಟಿದೆ.

ಆಸ್ಪತ್ರೆಯಲ್ಲಿ, ಪೇಷೆಂಟಿನ ಜೊತೆ ಬಂದವರು ಯಾರು ಎಂದು ಕೌಂಟರಿನ ಹುಡುಗಿ ಕೇಳಿದಾಗ ಏಳು ಬಿಳಿ ನೆತ್ಸೆಲಾಗಳು ಒಟ್ಟಿಗೆ ಎದ್ದು ನಿಂತವು. ಒಳಗೆ ಒಬ್ಬರಿಗೆ ಮಾತ್ರ ಜಾಗ ಎಂದಳು ಅವಳು. ಅಸ್ಕಾಲು ಬಂದಳು. ಸ್ಕ್ಯಾನ್ ಮುಗಿಸಿ, ಸೂಜಿ ಚುಚ್ಚಿಸಿಕೊಂಡು ಹೊರಗೆ ಬಂದರೆ ಮಾನಾ ಅಜ್ಜಿ ಚೀಲದಿಂದ ದಪ್ಪ ರೊಟ್ಟಿ ತೆಗೆದು, ಮುರಿದು, ಅಲ್ಲಿ ಆಸ್ಪತ್ರೆಯ ಅಂಗಿ ತೊಟ್ಟು ಕಾಯುತ್ತಿದ್ದ ಬೇರೆ ಹೆಂಗಸರಿಗೆ ಹಂಚುತ್ತಿದ್ದಳು. ಬಿಳಿಯ ಮುದುಕಿಯೊಬ್ಬಳು, ವಿಯೆಟ್ನಾಮಿನ ತಾಯಿ ಮಗಳು, ಎಲ್ಲರ ಕೈಯಲ್ಲೂ ಒಂದೊಂದು ತುಂಡು. ತಾನು ತಿನ್ನುವುದಕ್ಕೆ ಉಪವಾಸ, ತಿನ್ನಿಸುವುದಕ್ಕೆ ಎಂಥ ಉಪವಾಸ ಎಂದಳು.

ಅದು ಕ್ಯಾನ್ಸರೇ ಆಗಿತ್ತು. ನಾನೂ ಈಗ ಹೆಸರು ಹಿಡಿದೇ ಹೇಳುತ್ತೇನೆ. ಎದೆಯಿಂದ ಆಚೆ ಕಾಲಿಟ್ಟಿರಲಿಲ್ಲ; ಆದರೆ ಹೊರಡಲು ತಯಾರಾಗಿತ್ತು. ಇನ್ನೊಂದು ಸಲ ಬಸ್ಸು ತಪ್ಪಿಸಿಕೊಂಡಿದ್ದರೆ ಏನಾಗುತ್ತಿತ್ತೆಂದು ಡಾಕ್ಟರಮ್ಮನನ್ನು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಎಡಗಡೆಯದನ್ನು ತೆಗೆದರು. ಆಮೇಲೆ ತಿಂಗಳುಗಟ್ಟಲೆ ಕೀಮೋ. ವಾಂತಿಯ ಬಗ್ಗೆ, ಬಾಯಿಹುಣ್ಣಿನ ಬಗ್ಗೆ ಏನು ಹೇಳಲಿ, ಅನುಭವಿಸಿದವರಿಗೆ ಗೊತ್ತು. ನಾನು ಹೇಳಬೇಕೆಂದಿರುವುದು ಬೇರೆ.

ನನ್ನ ಮನೆಯ ಒಲೆ ಆ ತಿಂಗಳುಗಳಲ್ಲಿ ಒಂದು ದಿನವೂ ತಣ್ಣಗಿರಲಿಲ್ಲ. ಖಾರವಿಲ್ಲದ ಕಡಲೆಹಿಟ್ಟಿನ ಗೊಜ್ಜು ಮಾಡುವುದು ನಮ್ಮವರಿಗೆ ಅವಮಾನದ ಕೆಲಸ. ನನ್ನ ಬಾಯಿಗಾಗಿ ಅದನ್ನೂ ಮಾಡಿದರು, ಮಾಡಿ ಮೂಗು ಮುರಿದರು. ಕೂದಲು ಉದುರತೊಡಗಿದಾಗ, ಅದು ಉದುರುವ ಮೊದಲು ನಾವೇ ಬಿಚ್ಚೋಣ ಎಂದು ಅಸ್ಕಾಲು ನನ್ನ ಸಣ್ಣಸಣ್ಣ ಜಡೆಗಳನ್ನು ಒಂದೊಂದಾಗಿ ಬಿಚ್ಚಿದಳು, ಖಾರ್ಟೂಮಿನ ಚಹಾದಂಗಡಿಯ ಗಿರಾಕಿಗಳ ಕಥೆ ಹೇಳುತ್ತ. ಆ ಕಥೆಗಳಲ್ಲಿ ಅರ್ಧ ಸುಳ್ಳು. ನಕ್ಕೂ ನಕ್ಕೂ ನನಗೆ ಕೊನೆಯ ಜಡೆ ಬಿಚ್ಚಿದ್ದೇ ಗೊತ್ತಾಗಲಿಲ್ಲ. ವೃದ್ಧಾಶ್ರಮದ ಹುಡುಗಿಯರು ನನ್ನ ಪಾಳಿಗಳನ್ನು ಹಂಚಿಕೊಂಡು ನನ್ನ ಜಾಗ ಉಳಿಸಿದರು. ಅವ್ವ ಪ್ರತಿ ಭಾನುವಾರ ಫೋನ್ ಎತ್ತಿದೊಡನೆ ಹೇಗಿದ್ದೀಯ ಎಂದು ಕೇಳುತ್ತಿರಲಿಲ್ಲ. ಈ ವಾರ ಯಾರು ಯಾರು ಬಂದಿದ್ದರು ಎಂದು ಕೇಳುತ್ತಿದ್ದಳು. ನಾನು ಹೆಸರುಗಳನ್ನು ಹೇಳುತ್ತ ಹೋಗುತ್ತಿದ್ದೆ, ಅವಳು ಒಂದೊಂದು ಹೆಸರಿಗೂ ಒಂದೊಂದು ಆಶೀರ್ವಾದ ಕೊಡುತ್ತಿದ್ದಳು. ಸುದ್ದಿ ಕೇಳಿ ಅವಳ ಎದೆ ಒಡೆಯಲಿಲ್ಲ. ನನಗಿಂತ ಗಟ್ಟಿ ಮುದುಕಿ ಅವಳು, ಅದನ್ನು ನಾನು ಮರೆತಿದ್ದೆ. ದೇವರು ಅವರೆಲ್ಲರನ್ನೂ ಚೆನ್ನಾಗಿ ಇಟ್ಟಿರಲಿ. ನಾನು ತೀರಿಸಲಾರದ ಋಣ ಅದು, ತೀರಿಸಬೇಕೆಂಬ ಆಸೆಯೂ ನನಗಿಲ್ಲ. ಅದು ಹಾಗೆಯೇ ಇರಲಿ, ಚೆನ್ನಾಗಿದೆ.

ಮೈಗೆ ಬಲ ಬಂದ ಮೇಲೆ ನಾನು ಒಂದು ಕಟ್ಟಳೆ ಮಾಡಿದೆ. ಆಸ್ಪತ್ರೆಗೆ ಹೋಗಲು ಹೆದರಿ ಕೂತವರನ್ನು ಕರೆತರಲು ನಾವು ಗುಂಪಾಗಿ ಹೋಗುವುದು ಈಗ ರೂಢಿಯಾಗಿದೆ, ಆದರೆ ಆ ಕೆಲಸಕ್ಕೆ ಯಾರೂ ಬಿಳಿ ಉಡುವಂತಿಲ್ಲ. ಇರುವುದರಲ್ಲಿ ಬಣ್ಣಬಣ್ಣದ ಬಟ್ಟೆ ಉಟ್ಟು, ಕಾರನ್ನು ಮನೆಯ ಮುಂದೆಯೇ ನಿಲ್ಲಿಸಿ, ಹಾರ್ನ್ ಬಾರಿಸಿ, ಗೇಟಿನಲ್ಲೇ ನಾಲಿಗೆ ಆಡಿಸಿ ಮದುವೆಮನೆಯಲ್ಲಿ ಹಾಕುವ ಹಾಗೆ ಇಲಿಲಿ ಎಂದು ಕೇಕೆ ಹಾಕಬೇಕು. ಒಳಗಿರುವವಳಿಗೆ ಯಾರೂ ಸತ್ತಿಲ್ಲವೆಂದು ಬಾಗಿಲು ತೆರೆಯುವ ಮುಂಚೆಯೇ ಗೊತ್ತಾಗಬೇಕು. ಸೇಂಟ್ ಆಲ್ಬನ್ಸ್‌ನಲ್ಲಿ ಒಬ್ಬಳನ್ನು ಹೀಗೆ ಹೊರಡಿಸುವಾಗ ಪಕ್ಕದ ಮನೆಯ ಆಸ್ಟ್ರೇಲಿಯಾದವನು ಹೊರಗೆ ಬಂದು ಮದುವೆಯೇ ಎಂದು ಕೇಳಿದ. ಹೌದು ಎಂದಳು ಮಾನಾ ಅಜ್ಜಿ, ನೀನೂ ಬಾ ಎಂದಳು. ಈ ಸಾಲಿನಲ್ಲೂ ಮುಂದೆ ನಡೆಯುವವಳು ನಾನೇ. ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡವರು ಈಗ ಊರಿಗೆ ಫೋನ್ ಹಚ್ಚುವುದಿಲ್ಲ, ಎದೆ ಮುಟ್ಟಿ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ.

ಹೀಗೆ ಎರಡು ವರ್ಷ ಕಳೆಯಿತು. ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದಾಗ ಕಿಟಕಿಯಾಚೆ ಮತ್ತೆ ಏನೋ ಬೆಳ್ಳಗೆ ಅಲ್ಲಾಡಿತು. ನಾನು ಕೈ ನಿಲ್ಲಿಸಿ ಕಿವಿಗೊಟ್ಟೆ. ಹಾರ್ನ್ ಇಲ್ಲ. ಕೇಕೆ ಇಲ್ಲ. ಬರೀ ಚಪ್ಪಲಿಗಳ ಮೆಲ್ಲನೆಯ ಸದ್ದು.

ನಾನೇ ಒಲೆ ಆರಿಸಿದೆ. ನಾನೇ ಟೀಪಾಯಿಯನ್ನು ಗೋಡೆಗೆ ಸರಿಸಿದೆ. ಬಾಗಿಲು ತೆಗೆದಾಗ ಅಸ್ಕಾಲು ಎದುರಿಗಿದ್ದಳು. ಅವಳು ಏನಿಲ್ಲ ಎನ್ನಲಿಲ್ಲ.

"ಅವ್ವನಾ?" ಎಂದೆ.

"ಹೂಂ ಕಣೇ. ನಿದ್ದೇಲೇ ಹೋದ್ರು."

ಎದೆ ಬಡಿದುಕೊಂಡೆ. ಬಲಗಡೆ ಎದೆ, ಎಡಗಡೆ ಬರೀ ಪಕ್ಕೆಲುಬು. ಈ ಸಲ ಅಸ್ಕಾಲು ನನ್ನ ಕೈ ಹಿಡಿಯಲಿಲ್ಲ, ಪಕ್ಕದಲ್ಲಿ ಕೂತು, ನಾನು ಸುಸ್ತಾಗುವತನಕ ಜೊತೆಗೆ ಅತ್ತಳು. ಆಮೇಲೆ ಅವರೇ ಕಾಫಿ ಮಾಡಿದರು, ಮೂರು ಸುತ್ತು, ಸಾವಿನ ಮನೆಯಲ್ಲಿ ಮನೆಯವರು ಒಲೆ ಮುಟ್ಟುವಂತಿಲ್ಲ.

ಮೂರನೆಯ ಬಟ್ಟಲು ಹಿಡಿದು ಕೂತಾಗ ಅಳುವಿನ ನಡುವೆಯೇ ಸೆನಾಫೆಯಲ್ಲಿ ಅವ್ವನ ಮನೆಯ ನೀಲಿ ಬಾಗಿಲು ನನ್ನ ಕಣ್ಣಿಗೆ ಕಟ್ಟಿತು. ಅವ್ವ ಬದುಕಿರುವಷ್ಟು ದಿನವೂ ಬೆಳಗಿನ ಜಾವ ಆ ಬಾಗಿಲಿಗೆ ನನ್ನ ಸಾವಿನ ಸುದ್ದಿ ಹೊತ್ತು ಯಾರೂ ಹೋಗಲಿಲ್ಲ. ಅವಳು ಕೇಳಿದ್ದು ಅದೊಂದೇ. ನನ್ನ ಸುತ್ತ ಕೂತಿದ್ದ ಈ ಹೆಂಗಸರು ಅದನ್ನು ಅವಳಿಗೆ ಕೊಟ್ಟರು.